ಅಂಗೈಯ ಬಿಸಿ, ಮೂರು ಮೈಕ್ರಾನ್

ನಾನು ಒಂದು ಗೇಜು, ಅಂದರೆ ಅಳತೆಯ ಉಪಕರಣ. ಮೊದಲ ಸಲ ಕಂಡವರು ನನ್ನನ್ನು ಗಿಡ್ಡ ಲಟ್ಟಣಿಗೆ ಎಂದುಕೊಳ್ಳುತ್ತಾರೆ. ನಡುವೆ ಹಿಡಿಕೆ, ಎರಡು ತುದಿಗಳಲ್ಲಿ ಹೊಳೆಯುವ ಉಕ್ಕಿನ ಎರಡು ದುಂಡುಗಳು. ಒಂದು ತುದಿಯ ವ್ಯಾಸ ಸರಿಯಾಗಿ ಮೂವತ್ತು ಮಿಲಿಮೀಟರ್. ಇನ್ನೊಂದು ತುದಿ ಅದಕ್ಕಿಂತ ಮೂವತ್ತಮೂರು ಮೈಕ್ರಾನ್ ದಪ್ಪ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರ ಒಂದು ಪಾಲು ಮೈಕ್ರಾನ್. ಮನುಷ್ಯರ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪವಿರುತ್ತದೆ. ಹಾಗಾಗಿ ನನ್ನ ಎರಡು ತುದಿಗಳಿಗೆ ಇರುವ ವ್ಯತ್ಯಾಸ ಅರ್ಧ ಕೂದಲಿನಷ್ಟೂ ಇಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ನೂರ ನಲವತ್ತೆರಡು ಮನೆಗಳು ನಿಂತಿದ್ದವು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ವರದಾ ಸೈಕಲ್ ಪಾರ್ಟ್ಸ್ ಎಂಬ ಕಾರ್ಖಾನೆಯ ಟೂಲ್ ರೂಮಿನಲ್ಲಿ. ನನ್ನನ್ನು ಮಾಡಿದವರು ಮಾಬುಸಾಬ ಅಣ್ಣಿಗೇರಿ. ಅವರು ಉಕ್ಕಿನ ಸರಳನ್ನು ಕಡೆದು, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಮುಳುಗಿಸಿ ಗಟ್ಟಿ ಮಾಡಿದರು. ಆಮೇಲಿನ ಮೂರು ದಿನ ಒಂದು ವಿಚಿತ್ರ ಶಿಕ್ಷೆ. ಕುದಿಯುವ ನೀರಿನಲ್ಲಿ ಒಂದು ತಾಸು, ಎದುರಿನ ಐಸ್‌ಕ್ಯಾಂಡಿ ಗಾಡಿಯಿಂದ ತಂದ ಮಂಜುಗಡ್ಡೆ ಮತ್ತು ಉಪ್ಪಿನ ನಡುವೆ ಒಂದು ತಾಸು. ಮತ್ತೆ ಬಿಸಿ, ಮತ್ತೆ ತಂಪು. ಉಕ್ಕಿನೊಳಗೆ ಉಳಿದಿರುವ ಸೆಡವು ಹೀಗೆ ಇಳಿಯುತ್ತದೆ. ಇಳಿಯದಿದ್ದರೆ ವರ್ಷಗಳು ಕಳೆದಂತೆ ಗೇಜು ತಾನಾಗಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಕೊನೆಗೆ ನುಣ್ಣನೆಯ ಪೇಸ್ಟು ಹಚ್ಚಿ ಕೈಯಿಂದ ತೀಡಿದರು. ಪ್ರತಿ ಸಲ ತೀಡಿದ ಮೇಲೆ ನನ್ನನ್ನು ಕಲ್ಲಿನ ಹಾಸಿನ ಮೇಲಿಟ್ಟು ಒಂದು ತಾಸು ಸುಮ್ಮನೆ ಕುಳಿತಿರುತ್ತಿದ್ದರು. ಯಾರೋ ಕೇಳಿದರು, "ಸಾಹೇಬ್ರ, ಪಗಾರ ಕುಂದ್ರಾಕ ಕೊಡ್ತಾರೇನ್ರಿ?"

"ಹೌದಪಾ, ಕುಂದ್ರಾಕs ಕೊಡ್ತಾರ," ಎಂದರು ಮಾಬುಸಾಬರು. "ನನ್ನ ಅಂಗೈ ಬಿಸಿಗೆ ಇದು ಮೂರು ಮೈಕ್ರಾನ್ ಉಬ್ಬತೈತಿ. ಉಬ್ಬಿದ್ದನ್ನ ಅಳದ್ರ ಸುಳ್ಳ ಹೇಳತೈತಿ. ತಣ್ಣಗಾಗ್ಲಿ, ಖರೆ ಹೇಳತೈತಿ."

ಬೆಂಕಿಯಲ್ಲಿ ಕೆಂಪಾದದ್ದು ನನಗೆ ನೆನಪಿದೆ. ಆದರೂ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಆ ಮಾತು. ಒಂದು ಅಂಗೈಯ ಬಿಸಿ ಉಕ್ಕನ್ನು ಬೆಳೆಸುತ್ತದೆ. ಆ ಅಂಗೈಯ ಒಡೆಯನಿಗೆ ಅದು ಗೊತ್ತಿದೆ. ಗೊತ್ತಿರುವ ಕಾರಣಕ್ಕೆ ಅವನು ಕಾಯುತ್ತಾನೆ.

ನನ್ನ ಕೆಲಸ ಹೀಗಿತ್ತು. ಸೈಕಲ್ ಚಕ್ರದ ಕಡ್ಡಿಗಳೆಲ್ಲ ನಡುವೆ ಬಂದು ಸೇರುವ ಭಾಗಕ್ಕೆ ಹಬ್ ಎನ್ನುತ್ತಾರೆ. ಹಬ್‌ನ ಎರಡೂ ಬದಿಯಲ್ಲಿ, ಉಕ್ಕಿನ ಗುಂಡುಗಳು ತಿರುಗುವ ಬಟ್ಟಲನ್ನು ಕೂರಿಸಲು ಒಂದೊಂದು ರಂಧ್ರವಿರುತ್ತದೆ. ರಂಧ್ರ ಸಣ್ಣದಾದರೆ ಬಟ್ಟಲು ಬಿರಿಯುತ್ತದೆ. ದೊಡ್ಡದಾದರೆ ಸಡಿಲಾಗಿ, ಎಲ್ಲೋ ಒಂದು ಇಳಿಜಾರಿನಲ್ಲಿ ಚಕ್ರ ಅಲುಗಾಡುತ್ತದೆ. ನನ್ನ ಮೊದಲ ತುದಿಗೆ 'ಗೋ' ಎಂದು ಹೆಸರು, ಅದು ಒಳಗೆ ಹೋಗಬೇಕು. ಎರಡನೆಯದು 'ನೋ-ಗೋ', ಅದು ಹೋಗಬಾರದು. ಒಂದು ಹೋಗಿ ಇನ್ನೊಂದು ನಿಂತರೆ ಹಬ್ ಪಾಸು.

ಮಾಬುಸಾಬರು ನನ್ನನ್ನು ಸಾಗವಾನಿಯ ಪೆಟ್ಟಿಗೆಯಲ್ಲಿಟ್ಟು ಇನ್‌ಸ್ಪೆಕ್ಷನ್ ಕೋಣೆಗೆ ಕೊಂಡೊಯ್ದರು. ಅಲ್ಲಿ ಹೊಸದಾಗಿ ಸೇರಿದ್ದ ಇಪ್ಪತ್ತೆರಡರ ಹುಡುಗಿ ನೀಲವ್ವ ಕರ್ಕಿಕಟ್ಟಿ ನಿಂತಿದ್ದಳು. ಅವರು ಆಕೆಗೆ ಎರಡೇ ನಿಯಮ ಹೇಳಿಕೊಟ್ಟರು.

"ಹಿಡಿಕಿ ಬಿಟ್ಟು ಬ್ಯಾರೆ ಕಡೆ ಮುಟ್ಟಬ್ಯಾಡ ಬೇ. ಮತ್ತ, ದಬ್ಬಬ್ಯಾಡ. ತನ್ನ ಭಾರಕ್ಕ ತಾನs ಹೋಗಬೇಕು."

ಮೂವತ್ತಮೂರು ವರ್ಷ ನೀಲವ್ವ ಈ ಎರಡು ನಿಯಮಗಳನ್ನು ಒಂದು ದಿನವೂ ಮುರಿಯಲಿಲ್ಲ. ಲಕ್ಷಾಂತರ ಹಬ್‌ಗಳಲ್ಲಿ ನಾನು ಇಳಿದೆ. ಪ್ರತಿ ಸಲವೂ ಆಕೆ ಬೆರಳುಗಳನ್ನು ಸಡಿಲಿಸಿ, ನನ್ನನ್ನು ನನ್ನ ಪಾಡಿಗೆ ಬಿಡುತ್ತಿದ್ದಳು. ಪಾಸಾದ ಹಬ್‌ನಲ್ಲಿ 'ಟಪ್' ಎಂಬ ಮೆಲುಸದ್ದು ಬರುತ್ತಿತ್ತು. ಬರಬರುತ್ತ ಆಕೆ ನೋಡುವುದನ್ನೇ ಬಿಟ್ಟು ಕೇಳಿಯೇ ತೀರ್ಮಾನಿಸುತ್ತಿದ್ದಳು.

ಖಂಡೇನವಮಿಯ ದಿನ ಕಾರ್ಖಾನೆಯ ಲೇತು, ಡ್ರಿಲ್ಲು, ಪ್ರೆಸ್ಸು, ಗೋಡೆಯ ಗಡಿಯಾರ, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮವಿಟ್ಟು ಚೆಂಡುಹೂ ಹಾಕುತ್ತಿದ್ದರು. ನನಗೆ ಮಾತ್ರ ಇಲ್ಲ. ನೀಲವ್ವ ಕುಂಕುಮವನ್ನು ನನ್ನ ಪೆಟ್ಟಿಗೆಯ ಮುಚ್ಚಳಕ್ಕೆ ಇಡುತ್ತಿದ್ದಳು. "ಇವನಿಗೆ ಕುಂಕುಮ ಹಚ್ಚಿದ್ರ ದಪ್ಪ ಆಗತಾನ," ಎನ್ನುತ್ತಿದ್ದಳು. ನೋಡಿದವರು ಅದನ್ನು ಆಕೆಯ ಮಡಿ ಎಂದು ನಗುತ್ತಿದ್ದರು.

ಕಾರ್ಖಾನೆಯಲ್ಲಿ ಕಾರ್ಮಿಕರ ಸಂಘವಿತ್ತು. ಅದರ ಕಾರ್ಯದರ್ಶಿ ಫಕ್ಕೀರಪ್ಪ ತಡಸದ. ಲೇತಿನವನು, ದೊಡ್ಡ ದನಿಯವನು, ನೀಲವ್ವನಿಗಿಂತ ಏಳು ವರ್ಷ ಕಿರಿಯ. ಉದ್ದ ಮೇಜು ಇದ್ದದ್ದು ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಮಾತ್ರ. ಹಾಗಾಗಿ ಸಂಘದ ಸಭೆಗಳೆಲ್ಲ ನನ್ನ ಪೆಟ್ಟಿಗೆಯ ಪಕ್ಕದಲ್ಲೇ ನಡೆಯುತ್ತಿದ್ದವು. ಒಂದು ಕಾಲದಲ್ಲಿ ಕೆಟ್ಟ ಹಬ್‌ಗಳ ನಷ್ಟವನ್ನು ಆಡಳಿತದವರು ಕೆಲಸಗಾರರ ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದರು. ಕೆಟ್ಟದ್ದೆಂದು ಹೇಳುವವನು ಮೇಲ್ವಿಚಾರಕ, ಕೇಳುವವರಿಲ್ಲ. ಫಕ್ಕೀರಪ್ಪ ಹನ್ನೊಂದು ದಿನ ಕೆಲಸ ನಿಲ್ಲಿಸಿ ಒಂದು ಒಪ್ಪಂದ ತಂದ. ಹಬ್ ಕೆಟ್ಟಿದೆ ಎನ್ನಬೇಕಾದರೆ ಎರಡೂ ಕಡೆಯವರ ಎದುರಿಗೆ ನೀಲವ್ವನ ಗೇಜಿನಿಂದಲೇ ತೋರಿಸಬೇಕು.

ಅಂದಿನಿಂದ ಮಾಲೀಕರೂ ಕೂಲಿಯವರೂ ಮರುಮಾತಿಲ್ಲದೆ ಒಪ್ಪುವ ವಸ್ತು ಆ ಆವರಣದಲ್ಲಿ ನಾನೊಬ್ಬನೇ ಆದೆ. ನನಗೆ ಬಾಯಿಲ್ಲ, ಪಕ್ಷವಿಲ್ಲ. ಮೂವತ್ತು ಮಿಲಿಮೀಟರ್ ಇದ್ದೇನೆ, ಅಷ್ಟೇ. ಅಷ್ಟಕ್ಕೇ ಜಗಳಗಳು ನನ್ನ ಎದುರು ನಿಲ್ಲುವುದನ್ನು ಕಂಡು ನನಗೇ ಸೋಜಿಗವಾಗುತ್ತಿತ್ತು.

ಆಮೇಲೆ ಇಳಿಗಾಲ ಬಂತು. ಹೊರಗಿನಿಂದ ಅಗ್ಗದ ಹಬ್‌ಗಳು ಬಂದವು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು. ರಂಧ್ರದ ಒಳ ಅಳತೆ ನೋಡುವ ಡಯಲ್ ಉಪಕರಣ ರಿಪೇರಿಗೆ ಹೋದದ್ದು ಮರಳಲಿಲ್ಲ. ಪಗಾರ ತಪ್ಪಿದ ತಿಂಗಳುಗಳು ಏಳಾದಾಗ, ಉಕ್ಕು ಪೂರೈಸುತ್ತಿದ್ದ ಒಬ್ಬ ವ್ಯಾಪಾರಿ ದಿವಾಳಿ ಕಾನೂನಿನಡಿ ನ್ಯಾಯಮಂಡಳಿಗೆ ಹೋದ. ಒಂದು ಸೋಮವಾರ ಬೆಳಿಗ್ಗೆ ಕೈಚೀಲ ಹಿಡಿದು ಒಬ್ಬ ಹೆಂಗಸು ಗೇಟಿಗೆ ಬಂದರು. ಹೆಸರು ರೂಪಾ ಶೆಣೈ. ನ್ಯಾಯಮಂಡಳಿ ನೇಮಿಸಿದ ಅಧಿಕಾರಿ. ಅಂದಿನಿಂದ ಮಾಲೀಕರ ಕುರ್ಚಿಯಲ್ಲಿ ಅವರು.

ಫಕ್ಕೀರಪ್ಪ ಹಿಂದಿನ ದಿನವೇ ಗೇಟಿಗೆ ಸರಪಳಿ ಬಿಗಿದು ಕುಳಿತಿದ್ದ. ಯಂತ್ರಗಳನ್ನು ಬ್ಯಾಂಕಿನವರು ಹೊತ್ತೊಯ್ಯುತ್ತಾರೆಂಬ ಭಯ. ಶೆಣೈ ಮೇಡಂ ಒಬ್ಬರನ್ನು ಮಾತ್ರ ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಬಿಟ್ಟ.

"ಈಗ ಯಾರೂ ಏನೂ ಒಯ್ಯುವ ಹಾಗಿಲ್ಲ," ಎಂದರು ಶೆಣೈ ಮೇಡಂ, ನಮ್ಮ ಉದ್ದ ಮೇಜಿನ ಮುಂದೆ ನಿಂತು. "ಬ್ಯಾಂಕೂ ಒಯ್ಯುವ ಹಾಗಿಲ್ಲ, ಮಾಲೀಕರೂ ಇಲ್ಲ. ಆದೇಶ ಇದೆ. ನಾನು ಕೂಡ ಒಂದು ಮೊಳೆ ಮಾರಿದರೆ ಲೆಕ್ಕ ಕೊಡಬೇಕು."

"ಆಮ್ಯಾಲ?" ಎಂದ ಫಕ್ಕೀರಪ್ಪ.

"ಆಮೇಲೆ ಎರಡೇ ದಾರಿ. ಯಾರಾದರೂ ಕಾರ್ಖಾನೆಯನ್ನು ನಡೆಯುವ ಕಾರ್ಖಾನೆಯಾಗಿಯೇ ಕೊಂಡುಕೊಳ್ಳಬೇಕು. ಗಡುವಿನೊಳಗೆ ಯಾರೂ ಬರದಿದ್ದರೆ ಬಿಡಿಬಿಡಿಯಾಗಿ ಮಾರಾಟ. ಯಂತ್ರಗಳು ಗುಜರಿಗೆ."

"ನಾವು?"

"ನಿಮ್ಮ ಬಾಕಿ ಕೇಳಿ ಸಂಘದ ಮೂಲಕ ಒಟ್ಟಾಗಿ ಅರ್ಜಿ ಕೊಡಿ. ಬಿಡಿಯಾಗಿ ಮಾರಿದರೂ, ಎರಡು ವರ್ಷದವರೆಗಿನ ಕೂಲಿ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಾಲಿನಲ್ಲೇ ಜಾಗ ಇದೆ, ಹಿಂದೆ ಅಲ್ಲ. ಆದರೆ ಕೆಲಸ ಉಳಿಯುವುದು ಮೊದಲನೇ ದಾರಿಯಲ್ಲಿ ಮಾತ್ರ."

ಫಕ್ಕೀರಪ್ಪ ಸರಪಳಿ ಬಿಚ್ಚಿದ. ಬಿಚ್ಚುವಾಗ ಅವನ ಕೈ ನಿಧಾನವಾಗಿತ್ತು. ಒಂದು ಹಾಳೆಯ ಆದೇಶ ಬ್ಯಾಂಕನ್ನೂ ಮಾಲೀಕನನ್ನೂ ಹೀಗೆ ಗೇಟಿನ ಹೊರಗೆ ನಿಲ್ಲಿಸಬಲ್ಲದೇ ಎಂದು ನಾನು ಪೆಟ್ಟಿಗೆಯಲ್ಲಿ ಮಲಗಿ ಯೋಚಿಸಿದೆ. ಅದಕ್ಕೂ ಎಲ್ಲೋ ಒಂದು ನೋ-ಗೋ ತುದಿ ಇರಬೇಕು.

ನಂತರ ಎಲ್ಲ ವಸ್ತುಗಳ ಪಟ್ಟಿ ಆಯಿತು. ನನ್ನ ಪೆಟ್ಟಿಗೆಗೂ ಒಂದು ಚೀಟಿ ಅಂಟಿಸಿದರು: 'ನಾಲ್ಕು ನೂರ ಹನ್ನೆರಡು. ಗೇಜು, ಹಳೆಯದು, ಒಂದು.' ಗುಜರಿಗೆ ಹೋದರೆ ನನ್ನ ತೂಕ ಮುನ್ನೂರ ಎಂಬತ್ತು ಗ್ರಾಮ್.

ಗಡುವಿಗೆ ಆರು ವಾರ ಉಳಿದಿರುವಾಗ ಪುಣೆಯ ಕಂಪನಿಯೊಂದು ಆಸಕ್ತಿ ತೋರಿಸಿತು. ಅವರು ಬ್ಯಾಟರಿ ಸೈಕಲ್ ಮಾಡುವವರು. ಷರತ್ತು ಒಂದೇ. ತಮ್ಮ ಎಂಜಿನಿಯರ್ ಎದುರು ಇನ್ನೂರು ಹಬ್ ಕೊರೆದು ತೋರಿಸಬೇಕು; ಅದರಲ್ಲಿ ನೂರ ತೊಂಬತ್ತು ಪಾಸಾಗಬೇಕು. ದಿನ ಗೊತ್ತಾದದ್ದು ದಸರೆಯ ಮಾರನೆಯ ದಿನ.

ಖಂಡೇನವಮಿಗೆ ನಿವೃತ್ತರಾದವರೂ ಬಂದರು. ಎಲ್ಲರೂ ಒಂದೆಡೆ ಸಿಗುತ್ತಾರೆಂದು ಶೆಣೈ ಮೇಡಂ ಅರ್ಜಿಯ ಸಹಿಗಳನ್ನು ಅಂದೇ ಇಟ್ಟುಕೊಂಡಿದ್ದರು. ಹೆಬ್ಬೆಟ್ಟಿನವರಿಗೆ ಓದಿ ಹೇಳಲು ನೀಲವ್ವ ಆಫೀಸಿನಲ್ಲಿ ಕುಳಿತಳು. ಮೂವತ್ತಮೂರು ವರ್ಷಗಳಲ್ಲಿ ಪೂಜೆಯ ಹೊತ್ತಿಗೆ ಆಕೆ ನನ್ನ ಪಕ್ಕದಲ್ಲಿ ಇಲ್ಲದ್ದು ಅದೊಂದೇ ಸಲ.

ಫಕ್ಕೀರಪ್ಪ ಬಂದ. ಮುಚ್ಚಳ ತೆರೆದ. ಬಹಳ ಹೊತ್ತು ನನ್ನನ್ನೇ ನೋಡಿದ.

"ಎಲ್ಲಾರೂ ನಮಗ ಕೈ ಕೊಟ್ರಪಾ," ಎಂದ ಮೆಲ್ಲಗೆ. "ನೀ ಒಬ್ಬಾಂವ ಕೊಟ್ಟಿಲ್ಲ. ನಾಡದ ದಿನ ನಮ್ಮ ಮರ್ಯಾದಿ ಉಳಸು."

ಅಷ್ಟು ಹೇಳಿ ನನ್ನ ಎರಡೂ ತುದಿಗಳಿಗೆ ಮೂರು ಬೆರಳಿನಿಂದ ವಿಭೂತಿ ಬಳಿದ. ಅದರ ಮೇಲೆ ಒದ್ದೆ ಕುಂಕುಮ ಇಟ್ಟ. ಕೈ ಮುಗಿದ. ನನಗೆ ಯಾರೂ ಕೈ ಮುಗಿದಿರಲಿಲ್ಲ. ಅವನ ಕಣ್ಣು ತುಂಬಿದ್ದನ್ನು ಕಂಡು, ನಾನು ಮೈಯೆಲ್ಲ ಉಕ್ಕಾಗಿದ್ದರೂ ಅಲ್ಲಾಡಿದಂತಾಯಿತು. ಸಂಜೆ ಹೊರಡುವ ಮುನ್ನ ಅವನು ಅಂಗಿಯ ಚುಂಗಿನಿಂದ ನನ್ನನ್ನು ಚೆನ್ನಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಅವನ ಕಣ್ಣಿಗೆ ನಾನು ಶುಭ್ರವಾಗಿದ್ದೆ. ಆದರೆ ಒಣಗಿದ ವಿಭೂತಿ ಮತ್ತು ಕುಂಕುಮದ ಒಂದು ಪೊರೆ ಮೈಗೆ ಅಂಟಿಕೊಂಡೇ ಇತ್ತು. ನನಗೆ ಅದು ಗೊತ್ತಿತ್ತು. ಹೇಳಲು ನನಗೆ ಬಾಯಿಲ್ಲ ಎಂದು ಆಗಲೇ ಹೇಳಿದ್ದೇನೆ.

ಪರೀಕ್ಷೆಯ ದಿನ ಬಂದ ಎಂಜಿನಿಯರ್ ಹೆಸರು ಜೋಗಳೇಕರ. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಶೆಣೈ ಮೇಡಂ ಜೊತೆ ಹಿಂದಿಯಲ್ಲಿ ನಾಲ್ಕು ಮಾತಾಡಿ ಸ್ಟೂಲಿನ ಮೇಲೆ ಕುಳಿತರು. ಲೇತು ಸುರುವಾಯಿತು. ಕಿಟಕಿಯ ಹೊರಗೆ ನೂರಾರು ಮುಖಗಳು.

ಮೊದಲ ಹಬ್ ಬಂತು. ನೀಲವ್ವ ನನ್ನ ಗೋ ತುದಿಯನ್ನು ರಂಧ್ರದ ಬಾಯಿಗಿಟ್ಟು ಬೆರಳು ಸಡಿಲಿಸಿದಳು. ನಾನು ಇಳಿಯಲಿಲ್ಲ.

ಎರಡನೆಯದು, ಇಳಿಯಲಿಲ್ಲ. ಐದನೆಯದು, ಇಳಿಯಲಿಲ್ಲ. ಲೇತಿನಲ್ಲಿದ್ದ ಬಸನಗೌಡನ ಮುಖ ಬಿಳಿಚಿತು. ಅವನು ಉಳಿಯ ಅಳತೆಯನ್ನು ಮೂರು ಸಲ ನೋಡಿದ. ಕೆಂಪು ಡಬ್ಬಿಯಲ್ಲಿ ಹತ್ತು ಹಬ್‌ಗಳು ಬಿದ್ದವು. ಸೋಲಲು ಅವರಿಗಿದ್ದ ಅವಕಾಶವೇ ಹತ್ತು. ಹನ್ನೊಂದನೆಯದು ನೀಲವ್ವನ ಕೈಯಲ್ಲಿತ್ತು.

ಫಕ್ಕೀರಪ್ಪ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅಕ್ಕಾ, ಸ್ವಲ್ಪ ದಬ್ಬು."

ಆಕೆ ಹನ್ನೊಂದನೆಯ ಹಬ್‌ನ ಬಾಯಿಗೆ ನನ್ನನ್ನಿಟ್ಟಳು.

"ಸ್ವಲ್ಪs ಬೇ. ಹೆಬ್ಬಟ್ಟಿಂದ. ಆ ಮನಶ್ಯಾಗ ಏನ್ ತಿಳೀತೈತಿ? ನೂರ ನಲವತ್ತೆರಡು ಮನಿ ಅಕ್ಕಾ."

ಹೆಬ್ಬೆರಳು ನನ್ನ ಮೇಲಿತ್ತು. ಅರ್ಧ ಸೇರು ಭಾರ ಹಾಕಿದ್ದರೂ ಸಾಕಿತ್ತು, ನಾನು ಇಳಿದೇಬಿಡುತ್ತಿದ್ದೆ. ಆ ಮನೆಗಳಲ್ಲಿ ಒಂದು ಆಕೆಯದೇ. ಗಂಡ ಮಗ್ಗದ ಕೆಲಸ ನಿಂತು ಮನೆಯಲ್ಲಿದ್ದ. ನಾಲ್ಕು ಜನರ ಊಟ ಆಕೆಯ ಪಗಾರದ ಮೇಲಿತ್ತು. ನಾನು ಆ ಹೆಬ್ಬೆರಳನ್ನು ಮೂವತ್ತಮೂರು ವರ್ಷದಿಂದ ಬಲ್ಲೆ. ಅದು ಸಡಿಲಾಗದೆ ನನ್ನ ಮೇಲೇ ಉಳಿದದ್ದನ್ನು ಆ ದಿನ ಮೊದಲ ಸಲ ಕಂಡೆ.

ಆಕೆ ಹೆಬ್ಬೆರಳು ತೆಗೆದಳು. ಹಬ್ ಅನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ರಂಧ್ರದ ಅಂಚಿನಲ್ಲಿ ಒಂದು ತೆಳು ಗೆರೆ ಇತ್ತು. ಕೆಂಪು ಗೆರೆ. ಆಕೆ ನನ್ನನ್ನು ಮೂಗಿನ ಹತ್ತಿರ ತಂದಳು.

"ಫಕ್ಕೀರಪ್ಪ," ಎಂದಳು, ದನಿ ಏರಿಸದೆ. "ನನ್ನ ಪೆಟಿಗಿ ಯಾರು ತಗದಿದ್ರು?"

ಅವನು ನನ್ನತ್ತ ನೋಡಿದ, ಕೆಂಪು ಡಬ್ಬಿಯತ್ತ ನೋಡಿದ, ಕಿಟಕಿಯ ಮುಖಗಳತ್ತ ನೋಡಿದ. ಸುಮ್ಮನಿದ್ದರೆ ತಪ್ಪು ಬಸನಗೌಡನದಾಗುತ್ತಿತ್ತು. ಒಪ್ಪಿಕೊಂಡರೆ, ಕಾರ್ಖಾನೆಯನ್ನು ಉಳಿಸುವ ಭರದಲ್ಲಿ ಮುಳುಗಿಸಿದವನು ಸಂಘದ ಕಾರ್ಯದರ್ಶಿಯೇ ಎಂದು ಇಡೀ ಹುಬ್ಬಳ್ಳಿಗೆ ಗೊತ್ತಾಗುತ್ತಿತ್ತು.

"ನಾನs ಅಕ್ಕಾ," ಎಂದ. "ಖಂಡೇಪೂಜಿ ದಿನ. ಕುಂಕುಮ ಹಚ್ಚಿದ್ನಿ. ಒರಸಿದ್ನಿ. ಸ್ವಚ್ಛ ಆಗೇತಿ ಅಂತ ತಿಳದೆ." ಲೇತಿನ ಕಡೆ ಕೈ ತೋರಿಸಿದ. "ಬಸನಗೌಡಂದು ತಪ್ಪಿಲ್ಲ."

ನೀಲವ್ವ ಶೆಣೈ ಮೇಡಂ ಕಡೆ ತಿರುಗಿದಳು. "ಮೇಡಂರ, ಹಬ್ ಕೆಟ್ಟಿಲ್ಲ. ಗೇಜು ಹೊಲಸಾಗೇತಿ. ತೊಳಿಬೇಕು. ತೊಳದ ಮ್ಯಾಲ ಒಂದು ತಾಸು ತಣ್ಣಗಾಗಬೇಕು. ಅವರಿಗೆ ಹೇಳ್ರಿ, ಒಂದು ತಾಸು ಕೊಡ್ತಾರೇನು ಅಂತ. ಇಲ್ಲಂದ್ರ ಇಲ್ಲ."

ಶೆಣೈ ಮೇಡಂ ಬಾಯಿ ತೆರೆಯುವ ಮೊದಲೇ ಜೋಗಳೇಕರರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

ಸೀಮೆಎಣ್ಣೆಯಲ್ಲಿ, ಆಮೇಲೆ ಪೆಟ್ರೋಲಿನಲ್ಲಿ, ಮೆತ್ತನೆಯ ಚರ್ಮದ ತುಂಡಿನಿಂದ ನೀಲವ್ವ ನನ್ನನ್ನು ತೊಳೆದಳು. ಮಾಬುಸಾಬರ ಕಲ್ಲಿನ ಹಾಸಿನ ಮೇಲೆ ಮಲಗಿಸಿದಳು. ಆ ಒಂದು ತಾಸನ್ನು ನಾನು ಮರೆಯಲಾರೆ. ಒಳಗೆ, ಹೊರಗೆ, ಗೇಟಿನವರೆಗೆ ಜನ. ಬ್ಯಾಂಕಿಗೆ ಉತ್ತರ ಹೇಳಬೇಕಾದ ಅಧಿಕಾರಿ, ಪುಣೆಯ ಎಂಜಿನಿಯರ್, ಸಂಘದವರು, ಚಹಾ ತಂದವನು, ಎಲ್ಲರೂ ಒಂದು ಗೇಣಿನ ಉಕ್ಕು ತಣ್ಣಗಾಗಲಿ ಎಂದು ಕಾಯುತ್ತಿದ್ದರು. ಅವಸರದಲ್ಲಿ ಯಾರೂ ನನ್ನನ್ನು ಮುಟ್ಟಲಿಲ್ಲ. ಉಕ್ಕು ತಣ್ಣಗಾದ ಮೇಲೆ ಮಾತ್ರ ಸತ್ಯ ಹೇಳುತ್ತದೆ ಎಂದು ಮಾಬುಸಾಬರು ನಂಬಿದ್ದರು. ಇಷ್ಟು ಜನ ಒಟ್ಟಿಗೆ ಅದನ್ನು ನಂಬಿದ್ದನ್ನು ನೋಡಲು ಅವರು ಬದುಕಿರಲಿಲ್ಲ.

ತಾಸು ಮುಗಿಯಿತು. ಜೋಗಳೇಕರರು ತಮ್ಮ ಚೀಲದಿಂದ ಮೈಕ್ರೋಮೀಟರ್ ತೆಗೆದು ನನ್ನ ತುದಿಗಳನ್ನು ಅಳೆದರು. ಇನ್ನೊಮ್ಮೆ ಅಳೆದರು. ಹುಬ್ಬು ಮೇಲೇರಿತು. ಮೂವತ್ತಮೂರು ವರ್ಷಗಳ ಕೆಲಸದಲ್ಲಿ ನನ್ನ ಗೋ ತುದಿ ಸವೆದದ್ದು ಎರಡು ಮೈಕ್ರಾನ್.

ಕೆಂಪು ಡಬ್ಬಿಯ ಹಬ್‌ಗಳನ್ನು ಒರೆಸಿ ಮತ್ತೆ ತಂದರು. ನೀಲವ್ವ ಮೊದಲನೆಯದರ ಬಾಯಿಗೆ ನನ್ನನ್ನಿಟ್ಟು ಬೆರಳು ಸಡಿಲಿಸಿದಳು.

ಟಪ್.

ಕಿಟಕಿಯ ಹೊರಗೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟರು. ಸಂಜೆಯ ಹೊತ್ತಿಗೆ ಇನ್ನೂರು ಹಬ್ ಮುಗಿದವು. ನೂರ ತೊಂಬತ್ತಮೂರು ಪಾಸು. ಏಳನ್ನು ನೀಲವ್ವ ತಿರಸ್ಕರಿಸಿದಳು. ಕೊನೆಯದನ್ನು ಕೆಂಪು ಡಬ್ಬಿಗೆ ಹಾಕಿದಾಗ ಫಕ್ಕೀರಪ್ಪ "ಅದೂ ಹೋಗ್ತಿತ್ತಲ್ಲ ಅಕ್ಕಾ," ಎಂದು ನರಳಿದ್ದಕ್ಕೆ "ನೋ-ಗೋನೂ ಹೋತಲ್ಲೋ," ಎಂದಳು.

ಹೊರಡುವಾಗ ಜೋಗಳೇಕರರು ಆಕೆಯ ಮುಂದೆ ನಿಂತು, ಹರುಕುಮುರುಕು ಕನ್ನಡದಲ್ಲಿ ಹೇಳಿದರು: "ನಮ್ಮ ಅಜ್ಜಿ ಬೆಳಗಾಂವಿಯಾಕಿ. ಕನ್ನಡ ತಿಳೀತದ ನನಗ. ಇವರು ದಬ್ಬು ಅಂದ್ರು. ನೀವು ದಬ್ಬಲಿಲ್ಲ. ಅದನ್ನೂ ಬರೀತೀನಿ ನಾನು."

ಫಕ್ಕೀರಪ್ಪ ನೆಲ ನೋಡುತ್ತಿದ್ದವನು ತಲೆ ಎತ್ತಲೇ ಇಲ್ಲ.

ಸಾಲ ಕೊಟ್ಟವರ ಸಮಿತಿ ಪುಣೆಯ ಕಂಪನಿಯ ಪರವಾಗಿ ಮತ ಹಾಕಿತು. ನ್ಯಾಯಮಂಡಳಿ ಒಪ್ಪಿತು. ಕಾರ್ಖಾನೆ ಗುಜರಿಯಾಗಲಿಲ್ಲ. ಆದರೆ ಹೊಸ ಮಾಲೀಕರಿಗೆ ಬೇಕಾದದ್ದು ನೂರ ಹತ್ತು ಜನ ಮಾತ್ರ. ಮೂವತ್ತೆರಡು ಜನ ತಮ್ಮ ಬಾಕಿ ಪಡೆದು ಹೊರಡಬೇಕು. ಯಾರು ಎಂಬುದನ್ನು ಸಂಘವೇ ಹೇಳಬಹುದು ಎಂದು ಶೆಣೈ ಮೇಡಂ ಒಪ್ಪಿಸಿದ್ದರು. ಅದೇ ಉದ್ದ ಮೇಜಿನ ಮುಂದೆ ಖಾಲಿ ಹಾಳೆ ಇಟ್ಟುಕೊಂಡು ಎಲ್ಲರೂ ಕುಳಿತರು. ಪೆನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ನೀಲವ್ವ ಎತ್ತಿಕೊಂಡು ಮೊದಲ ಹೆಸರು ಬರೆದಳು.

"ಅಕ್ಕಾ, ನಿನ್ನ ಹೆಸರs ಯಾಕ ಬರದಿ?" ಎಂದ ಫಕ್ಕೀರಪ್ಪ.

"ನನಗ ಮೂರು ವರ್ಷದ ನೌಕರಿ ಉಳದೈತಿ. ಪ್ರೆಸ್ಸಿನ ಕಸ್ತೂರಿಗೆ ಇಪ್ಪತ್ತೈತಿ. ಇದರಾಗ ಅಳತಿ ಮಾಡೂದು ಏನೈತಿ?"

"ಮನ್ಯಾಗ ನಾಲ್ಕು ಮಂದಿ ಅದೀರಿ."

"ಬಾಕಿ ಬರತೈತಲ್ಲ. ಹೊಲಿಗಿ ಮಷಿನ್ ಹಾಕ್ತೀನಿ." ಪೆನ್ನನ್ನು ಅವನ ಕಡೆ ತಳ್ಳಿದಳು. "ನಾನು ಬರದ ಮ್ಯಾಲ ಉಳದವರಿಗೆ ಬರಿಯೂದು ಹಗರಾಗತೈತಿ. ಕೊಡು ಆ ಕಡೆ."

ಹಾಗೆಯೇ ಆಯಿತು. ನಿವೃತ್ತಿಗೆ ಹತ್ತಿರವಿದ್ದವರು ಒಬ್ಬೊಬ್ಬರಾಗಿ ತಮ್ಮ ಹೆಸರನ್ನು ತಾವೇ ಬರೆದರು. ಮೂವತ್ತೆರಡು ತುಂಬುವವರೆಗೆ ಆ ಪೆನ್ನು ಕೈಯಿಂದ ಕೈಗೆ ಹೋಯಿತು. ಮೈಕ್ರಾನುಗಳಲ್ಲಿ ಬಾಳಿದ ನನಗೆ ಅಂದು ನನ್ನ ಅಳತೆಯೇ ಮರೆತುಹೋಯಿತು.

ಈಗ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಗಾಳಿಯ ಒತ್ತಡದಿಂದ ಅಳೆಯುವ ಹೊಸ ಯಂತ್ರವಿದೆ. ಹಸಿರು ದೀಪ ಹೊತ್ತಿದರೆ ಪಾಸು, ಕೆಂಪು ಹೊತ್ತಿದರೆ ಇಲ್ಲ. ಕಸ್ತೂರಿ ಅದನ್ನು ನಡೆಸುತ್ತಾಳೆ. ನನ್ನನ್ನು ಸಂಘದ ಕಪಾಟಿನಲ್ಲಿ, ಹಳೆಯ ಒಪ್ಪಂದಗಳ ಕಡತದ ಮೇಲೆ, ನನ್ನ ಸಾಗವಾನಿ ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ನಾಲ್ಕು ನೂರ ಹನ್ನೆರಡರ ಚೀಟಿ ಇನ್ನೂ ಹಾಗೇ ಇದೆ. ಗೋ ತುದಿಯಲ್ಲಿ, ಕುಂಕುಮ ಕೂತಿದ್ದ ಜಾಗದಲ್ಲಿ, ಸಾಸಿವೆಗಿಂತ ಚಿಕ್ಕದಾದ ಒಂದು ಕಲೆ ಉಳಿದಿದೆ. ಅದು ಅಳತೆಗೆ ಸಿಗುವಷ್ಟು ಆಳವಿಲ್ಲ.

ಖಂಡೇನವಮಿಗೆ ನೀಲವ್ವ ಬರುತ್ತಾಳೆ. ಫಕ್ಕೀರಪ್ಪ ಕುಂಕುಮದ ಬಟ್ಟಲನ್ನು ದೂರದಿಂದಲೇ ಆಕೆಗೆ ಕೊಟ್ಟು ಕೈ ಹಿಂದೆ ಕಟ್ಟಿ ನಿಲ್ಲುತ್ತಾನೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಆಕೆ ಮುಚ್ಚಳಕ್ಕೆ ಕುಂಕುಮವಿಡುತ್ತಾಳೆ. ಆಮೇಲೆ ಪೆಟ್ಟಿಗೆ ತೆರೆದು, ಅಷ್ಟು ವರ್ಷ ಮಾಡದಿದ್ದ ಒಂದು ಕೆಲಸ ಮಾಡುತ್ತಾಳೆ. ಹಿಡಿಕೆ ಬಿಟ್ಟು, ನನ್ನ ಬರಿಯ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಸುಮ್ಮನೆ ಕೂರುತ್ತಾಳೆ.

ಆ ಹೊತ್ತಿನಲ್ಲಿ ನಾನು ಮೂರು ಮೈಕ್ರಾನ್ ಉಬ್ಬುತ್ತೇನೆ. ಯಾವ ಹಬ್‌ಗೂ ಆಗ ನಾನು ತಕ್ಕವನಲ್ಲ. ಆಕೆ ಹೋದ ಮೇಲೆ ಒಂದು ತಾಸಿಗೆ ಮತ್ತೆ ಮೂವತ್ತು ಮಿಲಿಮೀಟರಿಗೆ ಇಳಿಯುತ್ತೇನೆ. ಆ ಒಂದು ತಾಸು ಮಾತ್ರ, ಕಪಾಟಿನ ಕತ್ತಲೆಯಲ್ಲಿ, ನನ್ನನ್ನು ಯಾರೂ ಅಳೆಯದಿರಲಿ ಎಂದುಕೊಳ್ಳುತ್ತೇನೆ.